ಮೇಕೆ ವಾರಂಟು

ಮನೆಅಳಿಯನ ಪಾಡು ಯಾವ ಸೀಮೆಯಲ್ಲಾದರೂ ಒಂದೇ. ಟಾಲ್ಬರ್ಟ್ ಕೌಂಟಿಯ ಪ್ರೂಯಿಟ್ ಮನೆಯಲ್ಲಿ ಡಸ್ಟಿನ್ ಮೂರು ವರ್ಷದಿಂದ ಇದ್ದ. ಆ ಮೂರು ವರ್ಷವೂ ಅತ್ತೆ ಓಲೀಟಾ ಅವನ ತಟ್ಟೆಗೆ ಹಾಕಿದ ಒಂದೊಂದು ಸೌಟು ಕಾಳಿನ ಜೊತೆಗೆ ಒಂದೊಂದು ಕೊಂಕು ಮಾತನ್ನೂ ಹಾಕಿದ್ದಳು. ಅವನು ಹಿತ್ತಲ ಶೆಡ್ಡಿನಲ್ಲಿ ಊರವರ ಮರ ಕೊಯ್ಯುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಓಲೀಟಾಳ ಪ್ರಕಾರ ಅದು ಕೆಲಸವೇ ಅಲ್ಲ. ಬೆಳಿಗ್ಗೆ ಐದೂವರೆಗೆ ಶಾಲೆಯ ಅಡುಗೆಮನೆಯಲ್ಲಿ ನಿಂತು ನಾನೂರು ಮಕ್ಕಳಿಗೆ ಬೇಯಿಸಿ ಹಾಕುವುದು ಕೆಲಸ. ಅದನ್ನು ಅವಳು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದಳು.

ಆ ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ಅವಳು ಕಾಳಿನ ಪಾತ್ರೆಯ ಪಕ್ಕ ಒಂದು ಕಾಗದ ಇಟ್ಟಳು. ಮಕ್ಕಳ ಇಲಾಖೆಯ ಫಾರಂ. ಓಲೀಟಾಳ ಹಿರಿಮಗಳು ಡಾರ್ಲಾ ತನ್ನ ಎಂಟು ವರ್ಷದ ಮಗಳು ಜೋಲೀನ್‌ಳನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋಗಿ ವರ್ಷ ದಾಟಿತ್ತು. ಈಗ ಎಲ್ಲಿದ್ದಾಳೋ ದೇವರಿಗೇ ಗೊತ್ತು. ಮೂರು ವಾರ ಬಿಟ್ಟು ಬರುವ ಸೋಮವಾರ ಕೋರ್ಟು ಒಂದು ತೀರ್ಮಾನ ಹೇಳುವುದಿತ್ತು: ಹುಡುಗಿ ಇದೇ ಮನೆಯಲ್ಲಿ ಬೆಳೆಯಬೇಕೋ, ಇಲಾಖೆ ಗೊತ್ತುಮಾಡಿದ ಯಾವುದೋ ಅಪರಿಚಿತರ ಮನೆಗೆ ಹೋಗಬೇಕೋ. ಅದರ ಹಿಂದಿನ ಶನಿವಾರ ಇಲಾಖೆಯ ಹೆಂಗಸು ಮನೆ ನೋಡಲು ಬರುವವಳಿದ್ದಳು.

"ಮನೇಲಿರೋ ಹದಿನೆಂಟು ದಾಟಿದ ಪ್ರತಿಯೊಬ್ಬರ ಹೆಸರೂ ಬರೀಬೇಕಂತೆ," ಎಂದಳು ಓಲೀಟಾ. "ಯಾರ ಮೇಲಾದ್ರೂ ವಾರಂಟ್ ಇದ್ರೆ ಮಗು ಕೊಡಲ್ವಂತೆ."

ಹೇಳಿದ್ದು ಎಲ್ಲರಿಗೂ, ನೋಡಿದ್ದು ಡಸ್ಟಿನ್‌ನನ್ನು.

"ಯಾಕಮ್ಮ ಇವರನ್ನ ನೋಡ್ತೀಯ?" ಎಂದಳು ಅವನ ಹೆಂಡತಿ ರೆನೇ. ಅವಳು ಓಲೀಟಾಳ ಕಿರಿಮಗಳು, ವೃದ್ಧಾಶ್ರಮದಲ್ಲಿ ವಾರಕ್ಕೆ ಆರು ಪಾಳಿ ದುಡಿಯುವವಳು, ಆದ್ದರಿಂದ ಭಾನುವಾರ ಅವಳಿಗೆ ತಾಳ್ಮೆ ಕಡಿಮೆ.

"ಯಾಕೆ ಅಂದ್ರೆ? ನಿನ್ನ ಗಂಡ ಪೇಟೆಗೆ ಹೋಗೋವಾಗ ಕೋರ್ಟ್ ಮುಂದಿನ ರಸ್ತೇಲಿ ಒಂದಿನ ಹೋಗಿದ್ದು ನಾ ಕಾಣೆ. ಸಾಮಿಲ್ ಹಿಂದೆ ಹಾದು, ಸ್ಮಶಾನ ಸುತ್ತಿ ಹೋಗ್ತಾನೆ. ಪೊಲೀಸ್ ಕಾರು ಕಂಡ್ರೆ ಟೋಪಿ ಹುಬ್ಬಿಗೆ ಇಳಿಯುತ್ತೆ. ನಾನೇನು ಕಣ್ಣು ಮುಚ್ಕೊಂಡು ಹುಟ್ಟಿದೀನಾ?"

ಮಾವ ಡೆಲ್ಮರ್ ಎತ್ತರದ ಗ್ಲಾಸಿನಲ್ಲಿ ಮಜ್ಜಿಗೆಗೆ ಮೆಕ್ಕೆಜೋಳದ ಬ್ರೆಡ್ಡು ಪುಡಿ ಮಾಡಿಕೊಂಡು ಚಮಚದಲ್ಲಿ ತಿನ್ನುತ್ತಿದ್ದ. "ಅಂಥದ್ದೇನಾದ್ರೂ ಇದ್ರೆ ಬಿಡೇ, ಯಾರಿಗಾದ್ರೂ ಒಂದು ಮಾತು ಹೇಳಿದ್ರಾಯ್ತು," ಎಂದ. ಮಳೆ ಬಂದರೆ, ಬೇಲಿ ಬಿದ್ದರೆ, ಹಲ್ಲು ನೋವಾದರೆ ಡೆಲ್ಮರ್ ಹೇಳುತ್ತಿದ್ದ ಪರಿಹಾರ ಅದೊಂದೇ.

"ನೋಡೇ ಬಿಡೋಣ ಅತ್ತೆ," ಎಂದ ಡಸ್ಟಿನ್. ರೆನೇ ತನ್ನ ಲ್ಯಾಪ್‌ಟಾಪ್ ತಂದು ಉಪ್ಪಿನ ಡಬ್ಬಿ ಸರಿಸಿ ಇಟ್ಟಳು. ಕೌಂಟಿಯ ಪೊಲೀಸರಿಗೆ ಮುಖ್ಯಸ್ಥನಾದ ಶೆರಿಫ್‌ನ ಕಚೇರಿಯ ಜಾಲಪುಟದಲ್ಲಿ ವಾರಂಟ್ ಹುಡುಕಲು ಎರಡು ಖಾಲಿ ಜಾಗಗಳಿದ್ದವು, ಮನೆತನದ ಹೆಸರಿಗೊಂದು, ಸ್ವಂತ ಹೆಸರಿಗೊಂದು. ಡಸ್ಟಿನ್ ತನ್ನ ಹೆಸರು ಟ್ಯಾಕೆಟ್, ಡಸ್ಟಿನ್ ಎಂದು ಒತ್ತಿದ. ದಾಖಲೆ ಸಿಗಲಿಲ್ಲ ಎಂದು ಬಂತು.

"ಇದು ಕೆಟ್ಟಿರ್ಬೇಕು," ಎಂದಳು ಓಲೀಟಾ.

"ಕೆಟ್ಟಿಲ್ಲಮ್ಮ."

"ಸರಿ, ನನ್ನ ಹೆಸರು ಹಾಕು. ನನ್ನ ಹೆಸರು ಬಂತು ಅಂದ್ರೆ ಕೆಟ್ಟಿದೆ ಅಂತ ಅರ್ಥ."

ಡಸ್ಟಿನ್ ಹಾಕಿದ. ಹೆಸರು ಬಂತು. ಪ್ರೂಯಿಟ್, ಓಲೀಟಾ ಮೇ.

"ಹೇಳಲಿಲ್ವಾ!" ಎಂದು ಓಲೀಟಾ ಮೇಜು ತಟ್ಟಿ ನಕ್ಕಳು. "ಹೇಳಲಿಲ್ವಾ ನಾನು, ಕೆಟ್ಟಿದೆ ಅಂತ!"

ಡಸ್ಟಿನ್ ನಗಲಿಲ್ಲ. ಹುಟ್ಟಿದ ದಿನಾಂಕ ಓದಿದ. ಅದು ಅವಳದೇ. ಮನೆಯ ವಿಳಾಸ ಓದಿದ. ಅದೂ ಇದೇ ಮನೆಯದು. ಆಮೇಲೆ ಆರೋಪ ಓದಿದ: ಜಾನುವಾರುಗಳನ್ನು ಹೆದ್ದಾರಿಗೆ ಬಿಟ್ಟದ್ದು, ನ್ಯಾಯಾಲಯಕ್ಕೆ ಹಾಜರಾಗದೆ ಇದ್ದದ್ದು. ಹನ್ನೊಂದು ವರ್ಷದ ಹಿಂದಿನ ತಾರೀಖು.

"ಮೇಕೆ," ಎಂದಳು ರೆನೇ ಮೆಲ್ಲಗೆ.

ಡೆಲ್ಮರ್‌ನ ಚಮಚ ಗ್ಲಾಸಿನಲ್ಲೇ ನಿಂತಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ಹುಡುಕುತ್ತಿದ್ದ ಓಲೀಟಾ ಗಂಡನ ಕಡೆ ತಿರುಗಿದಳು.

"ಸರಿ ಮಾಡಿದೀನಿ ಅಂದಿದ್ರಿ."

"ಮಾಡಿದ್ನಲ್ಲ! ಹೋಬರ್ಟ್‌ಗೆ ಹೇಳಿದ್ದೆ. ಗೊಬ್ಬರದಂಗಡೀಲಿ ಕಾಫಿ ಕುಡೀತಾ ಕೂತಿದ್ದ. ಒಂದು ಮಾತು ಹೇಳ್ದೆ. ಆಯ್ತು ಬಿಡು ಡೆಲ್ಮರ್, ನಾನು ನೋಡ್ಕೋತೀನಿ ಅಂದ."

ನಡೆದದ್ದು ಇಷ್ಟು. ಹನ್ನೊಂದು ವರ್ಷದ ಹಿಂದೆ ಬೇಲಿ ಮುರಿದು ಒಂಬತ್ತು ಮೇಕೆ ಹೆದ್ದಾರಿಯಲ್ಲಿ ನಿಂತಿದ್ದವು. ಡೆಲ್ಮರ್ ಸಾಮಿಲ್ಲಿಗೆ ಹೋಗಿದ್ದ. ಶೆರಿಫ್ ಕಡೆಯ ಪೊಲೀಸ್ ಹೋಬರ್ಟ್ ಬಂದು ಚೀಟಿ ಬರೆದಾಗ, ಇಂಥ ದಿನ ಕೋರ್ಟಿಗೆ ಬರುತ್ತೇನೆ ಎಂದು ಮನೆಯಲ್ಲಿದ್ದ ಓಲೀಟಾ ರುಜು ಹಾಕಿದಳು. ಆ ಕಡೆ ಇಂಥವೆಲ್ಲ ಗೊಬ್ಬರದಂಗಡಿಯ ಕಾಫಿ ಮೇಜಿನಲ್ಲೇ ಬಗೆಹರಿಯುವ ರೂಢಿ, ಕೋರ್ಟಿಗೆ ಹೋಗುವವನೇ ದಡ್ಡ. ಹೋಬರ್ಟ್ ಮರೆತನೋ, ಅವನು ಹೇಳಿದರೂ ಕಾಗದ ಮಾತು ಕೇಳಲಿಲ್ಲವೋ, ಆ ದಿನ ಜಡ್ಜು ಹೆಸರು ಕೂಗಿಸಿದಾಗ ಯಾರೂ ಎದ್ದು ನಿಲ್ಲಲಿಲ್ಲ. ವಾರಂಟು ಹುಟ್ಟಿತು. ಮನೆ, ಶಾಲೆ, ಚರ್ಚು ಬಿಟ್ಟು ಎಲ್ಲಿಗೂ ಹೋಗದ ಹೆಂಗಸನ್ನು ರಸ್ತೆಯಲ್ಲಿ ತಡೆದು ಹೆಸರು ಕೇಳಿದವರು ಯಾರೂ ಇರಲಿಲ್ಲ.

"ಹೋಬರ್ಟ್ ಸತ್ತು ಆರು ವರ್ಷ ಆಯ್ತು ಕಣ್ರೀ!"

"ಬದುಕಿದ್ದಾಗ ಹೇಳಿದ್ದೆ ತಾನೆ?"

"ನಿಮ್ಮ ಮಾತಿಗಿಷ್ಟು ಬೆಂಕಿ ಹಾಕ! ನಾನು ಕಳ್ಳಿ ಆದೆ, ಕಳ್ಳಿ! ಊರಿಗೆಲ್ಲ ಅನ್ನ ಬೇಯಿಸಿ ಹಾಕೋಳು!"

ಜೋಲೀನ್ ಊಟ ಬಿಟ್ಟು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ರೆನೇ ಅವಳನ್ನು ಕರೆದುಕೊಂಡು ಹೊರಗೆ ಹೋದಳು. ಡಸ್ಟಿನ್ ತನಗೆ ಗೊತ್ತಿದ್ದನ್ನು ಹೇಳಿದ. ಹೇಳದೆ ಸುಮ್ಮನಿದ್ದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು.

"ಅತ್ತೆ, ಶೆರಿಫ್ ಕಚೇರಿಗೆ ಹೋಗಿ ಕೇಳೋಕೆ ಹೋಗ್ಬೇಡಿ. ಅಲ್ಲಿ ಹೆಸರು ಹೇಳಿದ್ರೆ ಅಲ್ಲೇ ಕೂರಿಸ್ಕೋತಾರೆ. ಕೋರ್ಟ್ ಗುಮಾಸ್ತೆ ಕಿಟಕಿ ಬೇರೆ ಇರುತ್ತೆ, ಎರಡನೇ ಮಹಡೀಲಿ. ಅಲ್ಲಿ ಹೋಗಿ, ನಾನು ಜಡ್ಜ್ ಮುಂದೆ ನಿಲ್ಲಬೇಕು, ಇವತ್ತೇ ಪಟ್ಟೀಲಿ ಹಾಕಿ ಅನ್ನಿ. ಇಲ್ಲಿ ಜಡ್ಜ್ ಕೂರೋದು ಸೋಮವಾರ, ಮಂಗಳವಾರ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಹೋದ್ರೆ ಮಧ್ಯಾಹ್ನ ಮನೇಲಿರ್ತೀರಿ. ಶುಕ್ರವಾರ ಮಾತ್ರ ಸಿಕ್ಕಿಹಾಕ್ಕೊಳ್ಬೇಡಿ. ಶುಕ್ರವಾರ ಸಿಕ್ಕಿದೋರು ಸೋಮವಾರದ ತನಕ ಒಳಗೆ."

ಓಲೀಟಾ ಅವನನ್ನೇ ದಿಟ್ಟಿಸಿದಳು. "ನಿನಗೆ ಹೇಗೆ ಗೊತ್ತು ಇಷ್ಟೆಲ್ಲ?"

"ಒಂದು ಸಲ ಆಗಿತ್ತು. ವೆಸ್ಕಾಟ್ ಕೌಂಟೀಲಿ, ಮದುವೆಗೆ ಮುಂಚೆ. ಲೈಸೆನ್ಸ್ ಇಲ್ಲದೆ ಗಾಡಿ ಓಡಿಸ್ದೆ, ಕೋರ್ಟಿಗೆ ಹೋಗ್ಲಿಲ್ಲ. ಶುಕ್ರವಾರ ಹಿಡಿದ್ರು. ಮೂರು ದಿನ ಇದ್ದು ಬಂದೆ. ಅಲ್ಲಿಗೆ ಮುಗೀತು. ಆಗ ಅಡ್ಡದಾರಿ ಹಿಡಿದಿದ್ದು ಅಭ್ಯಾಸ ಆಗ್ಹೋಯ್ತು, ಈಗ್ಲೂ ಕಾಲು ಆ ಕಡೆಗೇ ಎಳೆಯುತ್ತೆ."

"ಆದ್ರೆ ಇದರಲ್ಲಿ ನಿನ್ನ ಹೆಸರೇ ಇಲ್ವಲ್ಲ?"

"ಇದು ಈ ಕೌಂಟೀದು ಮಾತ್ರ ತೋರಿಸೋದು ಅತ್ತೆ. ಪಕ್ಕದ ಕೌಂಟೀದು ಬೇಕು ಅಂದ್ರೆ ಅವರನ್ನೇ ಕೇಳ್ಬೇಕು."

ಓಲೀಟಾ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ತೊಳೆಯುವ ಜಾಗದವರೆಗೂ ಹೋಗಿ ತಿರುಗಿ ನಿಂತಳು. "ನೋಡು, ನನ್ನ ಮೇಲಿರೋದನ್ನ ನಾನು ಹೇಗೋ ತೊಳ್ಕೋತೀನಿ. ಒಂದೇ ಮನೇಲಿ ಎರಡೆರಡು ಕಲೆ ಇದ್ರೆ ಯಾವ ಜಡ್ಜೂ ಮಗು ಕೊಡಲ್ಲ. ಕೇಸ್ ಮುಗಿಯೋ ತನಕ ನೀನು ನಿಮ್ಮಣ್ಣನ ಮನೇಲಿರು. ನಿನ್ನ ಹೆಸರು ನಾನು ಬರೆಯಲ್ಲ."

"ಅಮ್ಮ!" ಎಂದಳು ಬಾಗಿಲಲ್ಲಿ ನಿಂತಿದ್ದ ರೆನೇ. "ವಾರಂಟ್ ನಿನ್ನ ಮೇಲೆ, ಮನೆಯಿಂದ ಹೋಗ್ಬೇಕಾದೋರು ಇವರಾ? ಯಾವ ನ್ಯಾಯ ಇದು?"

"ನ್ಯಾಯ ನೋಡ್ತಾ ಕೂತ್ರೆ ಮಗು ಹೋಗುತ್ತೆ ಕಣೇ!"

ಡಸ್ಟಿನ್ ಎದುರು ಮಾತಾಡಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು, ನೋವೂ ಆಗಿತ್ತು. ಎರಡು ಅಂಗಿ, ಒಂದು ಪ್ಯಾಂಟು ಚೀಲಕ್ಕೆ ತುರುಕಿಕೊಂಡು ಟ್ರಕ್ಕು ಹತ್ತಿದ. ಓಲೀಟಾ ಫಾರಂನಲ್ಲಿ ಮೂರು ಹೆಸರು ಬರೆದು ರುಜು ಹಾಕಿದಳು.

ಮೊದಲ ಮಂಗಳವಾರ ಶಾಲೆಯಲ್ಲಿ ಪರೀಕ್ಷೆ, ಅಡುಗೆಮನೆ ಬಿಡುವಂತಿಲ್ಲ ಎಂದಳು ಓಲೀಟಾ. ಎರಡನೆಯ ಮಂಗಳವಾರ ಚರ್ಚಿನ ಉಡುಪು ಹಾಕಿಕೊಂಡು ಹೋದವಳು ಕೋರ್ಟಿನ ಮುಂದೆ ಕಾರಿನಲ್ಲೇ ಮುಕ್ಕಾಲು ಗಂಟೆ ಕೂತು ವಾಪಸು ಬಂದಳು. ರೆನೇ ಇದನ್ನು ಫೋನಿನಲ್ಲಿ ಗಂಡನಿಗೆ ಹೇಳಿದಳು. "ಮೆಟ್ಟಿಲ ಮೇಲೆ ಶಾಲೆ ಕಾರ್ಯದರ್ಶಿ ಕಂಡಳಂತೆ. ಅವಳ ಮುಂದೆ ಹೇಗೆ ಹೋಗ್ಲಿ ಅಂತಾಳೆ."

"ಮೂರನೇ ಮಂಗಳವಾರಾನಾದ್ರೂ ಹೋಗ್ಲಿ," ಎಂದ ಡಸ್ಟಿನ್.

ಮೂರನೆಯ ಮಂಗಳವಾರ ಓಲೀಟಾಗೆ ಹೊಟ್ಟೆನೋವು ಬಂತು.

ಅಣ್ಣನ ಮನೆಯ ಸೋಫಾದಲ್ಲಿ ಮಲಗಿ ಏಳುತ್ತಿದ್ದ ಡಸ್ಟಿನ್‌ಗೆ ಒಂದು ಯೋಚನೆ ಹತ್ತಿತ್ತು. ಕೋರ್ಟಿನಲ್ಲಿ ಯಾರಾದರೂ ತನ್ನ ಹೆಸರು ಎತ್ತಿದರೆ? ಎತ್ತಿದಾಗ ಯಾವುದೋ ಕೌಂಟಿಯ ಕಪಾಟಿನಿಂದ ಯಾವುದೋ ಕಾಗದ ಹೊರಬಿದ್ದರೆ? ಹನ್ನೊಂದು ವರ್ಷ ಮೇಕೆಯ ಕಾಗದ ಉಸಿರು ಹಿಡಿದು ಕೂತಿತ್ತಲ್ಲ. ಜೋಲೀನ್ ತನ್ನಿಂದಾಗಿ ಹೋದಳು ಎಂದಾಗಬಾರದು. ತಾನು ಹಿಂದೆ ಇದ್ದ ಮೂರು ಕೌಂಟಿಗಳಲ್ಲೂ ಕೇಳಿ ಬರೋಣವೆಂದು ಅವನು ಹೊರಟ.

ಲೀಟನ್ ಕೌಂಟಿಯವರು ಎಲ್ಲವನ್ನೂ ಬಟಾಬಯಲು ಮಾಡಿದ್ದರು. ಅವರ ಪುಟದಲ್ಲಿ ವಾರಂಟು ಇದ್ದವರ ಹೆಸರೆಲ್ಲ ಫೋಟೋ ಸಮೇತ ಇತ್ತು. ಫೋನಿನಲ್ಲೇ ನೋಡಿ ಮುಗಿಸಿದ. ಅವನ ಜೊತೆ ಚಾವಣಿ ಕೆಲಸ ಮಾಡಿದ್ದ ಇಬ್ಬರು ಕಂಡರು, ಅವನು ಇರಲಿಲ್ಲ. ಆದರೂ ಮೊಹರು ಇರುವ ಕಾಗದ ಬೇಕೆಂದು ಹೋಗಿ ಬರೆಸಿಕೊಂಡ.

ಬ್ರ್ಯಾನಮ್ ಕೌಂಟಿಗೆ ಫೋನು ಮಾಡಿದ. "ಫೋನಲ್ಲಿ ಹೇಳಲ್ಲ ಕಣಪ್ಪ," ಎಂದಿತು ಒಂದು ವಯಸ್ಸಾದ ದನಿ. "ಗುರುತಿನ ಚೀಟಿ ತಗೊಂಡು ಬಾ."

"ಬಂದ್ರೆ ಹಿಡ್ಕೊಳ್ಳಲ್ಲ ತಾನೆ ಅಜ್ಜಿ?"

"ನಾನು ಗುಮಾಸ್ತೆ, ನನ್ನ ಹತ್ರ ಬೇಡಿ ಇಲ್ಲ. ಬೇಡಿ ಇರೋರು ಕೆಳಗಿನ ಮಹಡೀಲಿದಾರೆ. ಮೆಟ್ಟಿಲು ಹತ್ತೋವಾಗ ಅವರ ಕಡೆ ನೋಡ್ಬೇಡ, ಅಷ್ಟೆ."

ಅವಳು ಒಳ್ಳೆಯ ಮುದುಕಿ. ಕಿಟಕಿಯ ಪಕ್ಕ ಸಾರ್ವಜನಿಕರಿಗೆಂದು ಇಟ್ಟಿದ್ದ ಹಳೆಯ ಕಂಪ್ಯೂಟರಿನ ಮುಂದೆ ಅವನನ್ನು ಕೂರಿಸಿ ಹುಡುಕುವ ಬಗೆ ಹೇಳಿಕೊಟ್ಟಳು. ಹೆಸರೊಂದನ್ನೇ ನಂಬಬೇಡ, ಹುಟ್ಟಿದ ಇಸವಿ ಹಾಕಿ ನೋಡು. ವಾರಂಟ್ ಅಂತ ಮಾತ್ರ ನೋಡಬೇಡ, ಕೇಸು ಅಂತಲೂ ನೋಡು, ಎಷ್ಟೋ ಸಲ ಕೇಸಿನ ಕೊನೇ ಸಾಲಿನಲ್ಲಿ ವಾರಂಟು ಅಡಗಿರುತ್ತೆ ಎಂದಳು. ಏನೂ ಇರಲಿಲ್ಲ. ಅವಳು ಮೊಹರು ಒತ್ತಿ ಕೊಟ್ಟಳು.

ವೆಸ್ಕಾಟ್‌ನಲ್ಲಿ ಕಿಟಕಿಯ ಹಿಂದೆ ಇದ್ದವನು ಇವನ ವಯಸ್ಸಿನ ಗಂಡಸು. ಚೀಟಿ ತೆಗೆದುಕೊಂಡ, ಪರದೆ ನೋಡಿದ, ಇವನ ಮುಖ ನೋಡಿದ, ಮತ್ತೆ ಪರದೆ ನೋಡಿದ.

"ಇಲ್ಲೇ ಇರಿ," ಎಂದು ಚೀಟಿಯನ್ನೂ ಹಿಡಿದುಕೊಂಡೇ ಒಳಗೆ ಹೋದ.

ಡಸ್ಟಿನ್ ಹಿಂದೆ ತಿರುಗಿ ನೋಡಿದ. ಹೊರಬಾಗಿಲಿಗೆ ಹತ್ತು ಹೆಜ್ಜೆ. ಗುರುತಿನ ಚೀಟಿ ಹೋದರೆ ಹೋಗಲಿ, ಟ್ರಕ್ಕು ಹತ್ತಿ ಕೌಂಟಿಯ ಗಡಿ ದಾಟಿದರೆ ಸಾಕು ಎನ್ನಿಸಿತು. ಆ ಮೂರು ದಿನ ಒಳಗೆ ಹಾಕಿದ್ದ ಕೋಣೆ ಇದೇ ಕಟ್ಟಡದ ಕೆಳಗಿತ್ತು. ಅವನು ಕಿಟಕಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.

ಕಾಲು ಗಂಟೆ ಬಿಟ್ಟು ಗುಮಾಸ್ತ ಬಂದ. "ನೀವು ಒಳಗಿದ್ದು ಮುಗಿಸಿದೀರಿ ಅಂತ ಫೈಲಲ್ಲಿದೆ. ಆದ್ರೆ ಕಂಪ್ಯೂಟರಲ್ಲಿ ವಾರಂಟು ತೆಗೆದೇ ಇರ್ಲಿಲ್ಲ. ಈಗ ತೆಗೆದೆ. ನೀವು ಬರದಿದ್ರೆ ಹಾಗೇ ಇರ್ತಿತ್ತು."

"ಅಂದ್ರೆ ನಾಲ್ಕು ವರ್ಷದಿಂದ..."

"ಯಾವತ್ತು ಬೇಕಾದ್ರೂ ಹಿಡೀಬಹುದಿತ್ತು," ಎಂದು ಗುಮಾಸ್ತ ಮೊಹರು ಒತ್ತಿದ.

ಡಸ್ಟಿನ್ ಆ ಕಾಗದ ಮಡಿಸಿಕೊಂಡು ಟ್ರಕ್ಕು ಹತ್ತಿದ. ಅತ್ತೆ ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ, ಮನೆಯಲ್ಲಿ ನಿಜಕ್ಕೂ ಎರಡು ಕಲೆ ಇದ್ದವು. ಈಗ ಒಂದು ಉಳಿದಿತ್ತು.

ಮೂರನೆಯ ವಾರದ ಶುಕ್ರವಾರ ಸಂಜೆ ಅವನು ಆ ಮೂರು ಕಾಗದ ಹಿಡಿದುಕೊಂಡು ಪ್ರೂಯಿಟ್ ಮನೆಗೆ ಬಂದ. ಕೊಟ್ಟು ಹೋಗೋಣ ಎಂದು ಬಂದವನ ಮುಂದೆ ಓಲೀಟಾ ತಟ್ಟೆ ಇಟ್ಟಳು.

"ಊಟದ ಹೊತ್ತಿಗೆ ಬಂದೋರನ್ನ ಹಾಗೇ ಕಳಿಸೋ ಮನೆ ಅಲ್ಲ ಇದು. ತಿಂದು ಹೋಗು."

ಕರಿದ ಮೀನು, ಆಲೂಗಡ್ಡೆ, ಎಲೆಕೋಸು. ಜೋಲೀನ್ ಚಿಕ್ಕಪ್ಪನ ಪಕ್ಕವೇ ಕುರ್ಚಿ ಎಳೆದುಕೊಂಡಳು. ಓಲೀಟಾ ಕಾಗದಗಳನ್ನು ನೋಡಲಿಲ್ಲ. ಫ್ರಿಜ್ಜಿನ ಮೇಲಿಡು ಎಂದಳು. ಆಗ ಡೆಲ್ಮರ್ ಸಿಳ್ಳೆ ಹಾಕುತ್ತ ಒಳಗೆ ಬಂದ.

"ಇನ್ಮೇಲೆ ಯಾರೂ ತಲೆ ಕೆಡಿಸ್ಕೋಬೇಡಿ. ಎಲ್ಲ ಸರಿಯಾಯ್ತು. ಹೋಬರ್ಟ್ ಮೊಮ್ಮಗ ಕೆಂಡಾಲ್ ಈಗ ಶೆರಿಫ್ ಹತ್ರ ಪೊಲೀಸ್ ಆಗಿದಾನೆ. ಗೊಬ್ಬರದಂಗಡೀಲಿ ಸಿಕ್ಕಿದ. ಒಂದು ಮಾತು ಹೇಳಿ ಬಂದೆ."

ಡಸ್ಟಿನ್ ಫೋರ್ಕು ಕೆಳಗಿಟ್ಟ. "ಏನಂತ ಹೇಳಿದ್ರಿ ಮಾವ?"

"ಇದ್ದಿದ್ದು ಇದ್ದಂಗೆ ಹೇಳ್ದೆ. ನಿಮ್ಮಜ್ಜಿ ಥರ ಇರೋ ಓಲೀಟಾ ಮೇಲೆ ಒಂದು ಹಳೇ ವಾರಂಟ್ ಇದೆ, ಸ್ವಲ್ಪ ನೋಡ್ಕೋ ಮಗ ಅಂದೆ."

"ಇವತ್ತು ಶುಕ್ರವಾರ ಮಾವ!"

"ಅದಕ್ಕೇನೀಗ?"

ಅದಕ್ಕೆ ಉತ್ತರ ಅರ್ಧ ಗಂಟೆಯಲ್ಲಿ ಅಂಗಳಕ್ಕೆ ಬಂದು ನಿಂತಿತು. ಕೆಂಡಾಲ್ ಇಪ್ಪತ್ನಾಲ್ಕರ ಹುಡುಗ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತವನ ಕಿವಿ ಕೆಂಪಾಗಿತ್ತು.

"ಓಲೀಟಮ್ಮ, ನಿಮ್ಮ ಕೈಯಡುಗೆ ತಿಂದು ಬೆಳೆದೋನು ನಾನು. ಗೊತ್ತಿಲ್ದೆ ಇದ್ದಿದ್ರೆ ನನ್ನ ಪಾಡಿಗೆ ನಾನಿರ್ತಿದ್ದೆ. ನಾಲ್ಕು ಜನರ ಮುಂದೆ ಹೇಳ್ಬಿಟ್ರು ಡೆಲ್ಮರ್ ತಾತ. ಇನ್ನು ಕರ್ಕೊಂಡು ಹೋಗ್ದೆ ಇದ್ರೆ ನನ್ನ ಕೆಲಸ ಹೋಗುತ್ತೆ."

"ಜಾಮೀನು?" ಎಂದ ಡಸ್ಟಿನ್.

"ಜಡ್ಜ್ ಮುಂದೆ ನಿಲ್ಲಿಸೋ ತನಕ ಬಿಡಬೇಡಿ ಅಂತ ಬರೆದಿದೆ ಅಣ್ಣ. ಸೋಮವಾರ."

ಡೆಲ್ಮರ್ ಬಾಯಿ ತೆರೆದ. "ಸುಮ್ನಿರಿ!" ಎಂದಳು ಓಲೀಟಾ. "ಇನ್ನೊಂದು ಮಾತು ಬಂತೋ ಆ ಬಾಯಿಂದ, ಜೈಲಿಂದ ಬಂದ್ಮೇಲೆ ನಿಮ್ಮ ಜೊತೆ ಸಂಸಾರ ಮಾಡಲ್ಲ ನಾನು!"

ಅವಳು ಏಪ್ರನ್ ಬಿಚ್ಚಿ ಕುರ್ಚಿಗೆ ಹಾಕಿದಳು. ಜೋಲೀನ್ ಬಂದು ಸೊಂಟ ಹಿಡಿದುಕೊಂಡಳು, ಬಿಡಿಸಿಕೊಳ್ಳುವುದು ಕಷ್ಟವಾಯಿತು. ರೆನೇ ಅಳುತ್ತಿದ್ದಳು, ಮರುದಿನ ಬೆಳಗಿನ ಪಾಳಿಗೆ ಬೇರೆ ಯಾರೂ ಇಲ್ಲ, ರಜೆ ಕೇಳುವಂತಿಲ್ಲ. ಹತ್ತು ಗಂಟೆಗೆ ಇಲಾಖೆಯ ಹೆಂಗಸು ಬರುವವಳು. ಓಲೀಟಾ ಹೊಸ್ತಿಲ ಹತ್ತಿರ ನಿಂತು ಒಳಗೆ ನೋಡಿದಳು. ಗಂಡನನ್ನು ನೋಡಿದಳು, ಬಿಟ್ಟಳು. ಕಣ್ಣು ಡಸ್ಟಿನ್ ಮೇಲೆ ನಿಂತಿತು.

"ಮೊಟ್ಟೆ ಗಟ್ಟಿಯಾಗಿ ಬೇಯಿಸ್ಬೇಕು," ಎಂದಳು. "ಮೆತ್ತಗಿದ್ರೆ ತಿನ್ನಲ್ಲ ಅವಳು."

ಶನಿವಾರ ಬೆಳಿಗ್ಗೆ ಡಸ್ಟಿನ್ ಮೊಟ್ಟೆ ಗಟ್ಟಿಯಾಗಿ ಬೇಯಿಸಿದ. ಹಜಾರ ಗುಡಿಸಿದ. ಔಷಧಿಯ ಕಪಾಟಿಗೆ ಬೀಗ ಹಾಕಿದ. ಜೋಲೀನ್‌ಗೆ ಜಡೆ ಹಾಕಲು ಹೋಗಿ ಎರಡು ಸಲ ಸೋತ.

"ಚಿಕ್ಕಪ್ಪ, ಇದು ಹಗ್ಗ ಅಲ್ಲ," ಎಂದಳು ಹುಡುಗಿ.

"ಅಲ್ಲಾಡಬೇಡ, ಸುಮ್ನೆ ಕೂತ್ಕೋ."

ಡೆಲ್ಮರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. "ನಾನೊಂದು ಉಪಾಯ ಮಾಡಿದೀನಿ. ಓಲೀಟಾ ತಂಗಿಗೆ ಹುಷಾರಿಲ್ಲ, ಅಲ್ಲಿಗೆ ಹೋಗಿದಾಳೆ ಅನ್ನೋದು. ನೀನು ಶೆಡ್ಡಲ್ಲಿರು, ಯಂತ್ರ ರಿಪೇರಿಗೆ ಬಂದೋನು ಅಂತ ಹೇಳ್ತೀನಿ."

"ಮಾವ, ಕೈ ಮುಗೀತೀನಿ," ಎಂದ ಡಸ್ಟಿನ್. "ಅವರು ಕಂಪ್ಯೂಟರಲ್ಲಿ ಒಂದು ಗುಂಡಿ ಒತ್ತಿದ್ರೆ ಜೈಲಲ್ಲಿ ಯಾರಿದಾರೆ ಅಂತ ಪಟ್ಟಿ ಬರುತ್ತೆ. ಫೋಟೋ ಸಮೇತ. ನೀವು ಇವತ್ತು ಏನೂ ಹೇಳ್ಬೇಡಿ. ಮೇಕೆಗಳಿಗೆ ನೀರಿ‌ಟ್ಟು ಬನ್ನಿ."

ಡೆಲ್ಮರ್ ಬಕೆಟ್ಟು ತೆಗೆದುಕೊಂಡು ಹೋದ. ಅವನ ಮುಖ ನೋಡಿ ಡಸ್ಟಿನ್‌ಗೆ ಪಾಪ ಅನ್ನಿಸಿತು.

ವಿಟ್ಲೋ ಎಂಬ ಆ ಹೆಂಗಸು ಹತ್ತಕ್ಕೆ ಸರಿಯಾಗಿ ಬಂದಳು. ಹಾಸಿಗೆ ಎಣಿಸಿದಳು, ಫ್ರಿಜ್ಜು ತೆರೆದಳು, ಕಿಟಕಿ ತೆರೆದು ಮುಚ್ಚಿ ನೋಡಿದಳು. ಬೇಕಿಲ್ಲದ ಒಂದು ಮಾತೂ ಅವಳ ಬಾಯಿಂದ ಬರಲಿಲ್ಲ.

"ಓಲೀಟಾ ಪ್ರೂಯಿಟ್ ಎಲ್ಲಿ?"

ಡಸ್ಟಿನ್ ಬಾಯಿ ತೆರೆಯುವುದರೊಳಗೆ ಜೋಲೀನ್ ಹೇಳಿದಳು. "ಜೈಲಲ್ಲಿ. ಮೇಕೆ ರಸ್ತೆಗೆ ಹೋಗಿದ್ದಕ್ಕೆ. ನಾನು ಹುಟ್ಟೋಕೆ ಮುಂಚೆ."

ವಿಟ್ಲೋ ಬರೆಯುವುದನ್ನು ನಿಲ್ಲಿಸಿ ಡಸ್ಟಿನ್ ಕಡೆ ನೋಡಿದಳು. ಅವನು ನಡೆದದ್ದನ್ನು ಮೊದಲಿಂದ ಹೇಳಿದ. ಅವಳು ಫಾರಂ ತಿರುವಿದಳು.

"ನೀವು ಯಾರು? ಇಲ್ಲಿ ಮೂರೇ ಹೆಸರಿದೆ."

ನೆಂಟ ಎನ್ನಬಹುದಿತ್ತು. ಇಲ್ಲೇ ಇರುವವನು ಎಂದರೆ ಅತ್ತೆ ಬರೆದು ರುಜು ಹಾಕಿದ್ದು ಸುಳ್ಳಾಗುತ್ತಿತ್ತು. ಡಸ್ಟಿನ್ ಟೋಪಿ ತೆಗೆದ.

"ಅವರ ಅಳಿಯ. ಮೂರು ವರ್ಷ ಇಲ್ಲೇ ಇದ್ದೆ. ಮೂರು ವಾರದಿಂದ ಇಲ್ಲ. ಮತ್ತೆ ಇರ್ತೀನೋ ಇಲ್ವೋ ನಮ್ಮತ್ತೆ ಹೇಳ್ಬೇಕು." ಫ್ರಿಜ್ಜಿನ ಮೇಲಿದ್ದ ಮೂರು ಕಾಗದ ತೆಗೆದುಕೊಟ್ಟ. "ನನ್ನ ಮೇಲೆ ಒಂದಿತ್ತು. ಈಗ ಇಲ್ಲ. ಇವನ್ನ ಇಟ್ಕೊಳ್ಳಿ."

ಅವಳು ಮೂರನ್ನೂ ಓದಿದಳು, ಚೀಲಕ್ಕೆ ಹಾಕಿಕೊಂಡಳು. "ಕಂಡದ್ದನ್ನ ಜಡ್ಜ್‌ಗೆ ಹೇಳ್ತೀನಿ," ಎಂದು ಹೊರಟುಹೋದಳು. ಒಳ್ಳೆಯದು ಕಂಡಳೋ ಕೆಟ್ಟದ್ದು ಕಂಡಳೋ ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

ಸೋಮವಾರ ಬೆಳಿಗ್ಗೆ ಓಲೀಟಾಳನ್ನು ಜೈಲಿನ ಕಿತ್ತಳೆ ಬಟ್ಟೆಯಲ್ಲಿ, ಕೈಗೆ ಸರಪಳಿ ಹಾಕಿ ಕರೆತಂದರು. ಅಕ್ಕಪಕ್ಕ ನಿಂತಿದ್ದ ಇಬ್ಬರು ಹುಡುಗರು ಅವಳ ಅಡುಗೆ ತಿಂದವರೇ. ಅವರು ಅವಳಿಗೆ ನಮಸ್ಕಾರ ಹೇಳಿದರು, ಅವಳು ತಲೆ ಎತ್ತಲಿಲ್ಲ. ಜಡ್ಜು ಹಳೆಯ ಕಾಗದ ತಿರುವಿ ನೋಡಿ, ಚೀಟಿ ಬರೆದವರು ಎಲ್ಲಿ ಎಂದು ಕೇಳಿದರು. ತೀರಿಹೋಗಿದ್ದಾರೆ ಎಂದರು ಸರ್ಕಾರಿ ವಕೀಲರು. ಆ ಮೇಕೆಗಳು? ಅವೂ ತೀರಿಹೋಗಿವೆ ಸ್ವಾಮಿ, ಈಗಿರೋದು ಅವುಗಳ ಮರಿಗಳ ಮರಿಗಳು ಎಂದ ಡೆಲ್ಮರ್, ಹಿಂದಿನ ಬೆಂಚಿನಿಂದ. ಕೇಸು ನಾಲ್ಕು ನಿಮಿಷದಲ್ಲಿ ವಜಾ ಆಯಿತು. ಮೂರು ಮಂಗಳವಾರ ಮೆಟ್ಟಿಲು ಹತ್ತಲಾರದೆ ಹೆದರಿದ್ದು ಈ ನಾಲ್ಕು ನಿಮಿಷಕ್ಕೆ.

ಚಿಕ್ಕ ಕೌಂಟಿ, ಒಬ್ಬರೇ ಜಡ್ಜು. ಮಧ್ಯಾಹ್ನ ಒಂದಕ್ಕೆ ಮಗುವಿನ ಕೇಸಿಗೂ ಅವರೇ ಕೂತರು. ಓಲೀಟಾ ಶುಕ್ರವಾರದ ಮನೆಯುಡುಪಿನಲ್ಲೇ ನಿಂತಿದ್ದಳು, ಮೂರು ದಿನದಿಂದ ತಲೆ ಬಾಚಿರಲಿಲ್ಲ. ವಿಟ್ಲೋ ವರದಿ ಓದಿದಳು. ಮನೆ ಚೊಕ್ಕಟವಾಗಿದೆ. ಮಗು ಚೆನ್ನಾಗಿದೆ. ನಾನು ಹೋದಾಗ ಮಗುವನ್ನು ನೋಡಿಕೊಳ್ಳುತ್ತಿದ್ದ ಗಂಡಸಿನ ಹೆಸರು ಫಾರಂನಲ್ಲಿಲ್ಲ.

ಜಡ್ಜು ಕನ್ನಡಕ ಮೇಲೇರಿಸಿದರು. "ಪ್ರೂಯಿಟ್ ಅಮ್ಮ, ಈತ ನಿಮ್ಮ ಮನೇಲಿ ಇರ್ತಾರಾ?"

ಡೆಲ್ಮರ್ ಹಿಂದಿನಿಂದ ಪಿಸುಗುಟ್ಟಿದ, "ಇಲ್ಲ ಅನ್ನೇ." ಡಸ್ಟಿನ್ ಕೂಡ ಅವಳ ಕಣ್ಣು ನೋಡಿ ತಲೆಯಾಡಿಸಿದ, ಇಲ್ಲ ಅನ್ನಿ ಎಂದು. ಇಲ್ಲ ಅಂದರೆ ಫಾರಂ ಸುಳ್ಳು ಎಂಬ ಮಾತೇ ಬರುವುದಿಲ್ಲ, ಮಗು ಉಳಿಯುತ್ತದೆ, ತಾನು ಅಣ್ಣನ ಸೋಫಾದಲ್ಲಿ ಇನ್ನಷ್ಟು ದಿನ ಮಲಗಿದರಾಯಿತು. ಅವನಿಗೆ ನಿಜವಾಗಿ ಹಾಗೇ ಅನ್ನಿಸಿತ್ತು.

ಓಲೀಟಾ ಜಡ್ಜ್ ಕಡೆ ತಿರುಗಿದಳು. "ಇರ್ತಾನೆ. ಮೂರು ವರ್ಷದಿಂದ ಇದಾನೆ. ಹೆಸರು ನಾನೇ ಬಿಟ್ಟಿದ್ದು. ಮೂರು ವಾರದ ಹಿಂದೆ ನಾನೇ ಹೊರಗೆ ಹಾಕ್ದೆ. ಮೇಕೆದು ನಮ್ಮವರ ತಪ್ಪು, ಇದು ನನ್ನ ತಪ್ಪು. ಇವನದ್ದೇನೂ ಇಲ್ಲ. ಜೈಲಲ್ಲಿ ಮೂರು ದಿನ ಕೂತಿದ್ದೆನಲ್ಲ, ಮಗು ಉಂಡಿತೋ ಇಲ್ವೋ ಅಂತ ಒಂದು ಸಲಾನೂ ಹೆದರಿಕೆ ಆಗ್ಲಿಲ್ಲ ನನಗೆ. ಇವನಿದಾನೆ ಅಂತ ಗೊತ್ತಿತ್ತು."

ಜಡ್ಜು ಮೂರು ಕೌಂಟಿಗಳ ಕಾಗದಗಳನ್ನು ಒಂದೊಂದಾಗಿ ನೋಡಿದರು.

"ಸುಳ್ಳು ಫಾರಂಗೆ ರುಜು ಹಾಕಿದೀರಿ. ಅದನ್ನ ನಾನು ಹಗುರವಾಗಿ ತಗೊಳ್ಳಲ್ಲ. ಇವತ್ತು ಕೊನೇ ತೀರ್ಮಾನ ಕೊಡಲ್ಲ. ಆರು ತಿಂಗಳು ಇಲಾಖೆ ಬಂದು ನೋಡ್ತಿರುತ್ತೆ. ಅಲ್ಲಿವರೆಗೆ ಹುಡುಗಿ ಅದೇ ಮನೇಲಿ ಇರ್ಲಿ. ಒಂದು ಷರತ್ತು. ಆದೇಶದಲ್ಲಿ ಟ್ಯಾಕೆಟ್ ಹೆಸರೂ ಇರುತ್ತೆ. ಈತ ಮನೆ ಬಿಟ್ಟರೆ ನನಗೆ ತಿಳಿಸ್ಬೇಕು, ಯಾಕೆ ಅಂತಾನೂ ಹೇಳ್ಬೇಕು."

ರೆನೇ ಜೋಲೀನ್‌ಳನ್ನು ಎತ್ತಿಕೊಂಡು ಮುಂದೆ ಹೋದಳು. ಡೆಲ್ಮರ್ ಕಾರು ತರಲು ಹೋದ. ಕೋರ್ಟಿನ ಮೆಟ್ಟಿಲ ಮೇಲೆ ಅತ್ತೆ ಅಳಿಯ ಇಬ್ಬರೇ ಉಳಿದರು.

"ಇನ್ನು ನಿನ್ನ ಓಡಿಸ್ಬೇಕು ಅಂದ್ರೆ ಜಡ್ಜ್‌ಗೆ ಅರ್ಜಿ ಹಾಕ್ಬೇಕಂತೆ," ಎಂದಳು ಓಲೀಟಾ.

"ಹಾಕ್ತೀರಾ ಅತ್ತೆ?"

ಅವಳು ಎರಡು ಮೆಟ್ಟಿಲು ಇಳಿದು ನಿಂತಳು.

"ಅವತ್ತು ಹೋಗು ಅಂದಾಗ ಯಾಕೋ ಒಂದು ಮಾತೂ ಎದುರು ಆಡ್ಲಿಲ್ಲ ನೀನು? ನಾನಾಗಿದ್ರೆ ಮನೆ ಮಾಡು ಹಾರಿಸ್ತಿದ್ದೆ."

"ಜಗಳ ಆಡಿದ್ರೆ ನಾನು ಉಳೀತಿದ್ದೆ," ಎಂದ ಡಸ್ಟಿನ್. "ಮಗು ಉಳಿಯೋದು ಬೇಕಿತ್ತಲ್ಲ ಅತ್ತೆ."

ಮೂರು ದಿನ ಜೈಲಿನಲ್ಲಿ ಅಳದವಳು ಆಗ ಅತ್ತಳು. ಹೋಗುವವರು ಬರುವವರು ನೋಡುತ್ತಿದ್ದರು, ಶಾಲೆಯ ಕಾರ್ಯದರ್ಶಿಯೂ ಅಲ್ಲೇ ಇದ್ದಳು. ಓಲೀಟಾ ಅಳಿಯನ ತೋಳು ಹಿಡಿದುಕೊಂಡು ಉಳಿದ ಮೆಟ್ಟಿಲು ಇಳಿದಳು.